ಲಕೋಟೆಯೊಳಗಿನ ಆನೆ

ಹೋದ ತಿಂಗಳು ಅಪ್ಪನ ಹಳೆಯ ಕೈಗಡಿಯಾರ ನಿಂತುಹೋಯಿತು. ಕೀಲಿ ಕೊಡುವ ಗಡಿಯಾರ. ಧಾರವಾಡದಲ್ಲಿ ಈಗ ಅದನ್ನು ಮುಟ್ಟುವವರೇ ಕಡಿಮೆ. ವಿಚಾರಿಸುತ್ತ ಹೋದಾಗ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಅಂಗಡಿ ಸಿಕ್ಕಿತು. ಅಂಗಡಿಯಾತ ಹಿಂದಿನ ಮುಚ್ಚಳ ತೆಗೆದು, ಒಳಗಿನ ಚಕ್ರಗಳನ್ನು ಒಂದೊಂದಾಗಿ ಚಿಮಟಿಯಲ್ಲಿ ಎತ್ತಿ, ಗಾಜಿನ ಬಟ್ಟಲಿನಲ್ಲಿದ್ದ ಪೆಟ್ರೋಲಿಗೆ ಹಾಕಿದ. ಸಣ್ಣ ಕುಂಚದಿಂದ ತಿಕ್ಕತೊಡಗಿದ. ಆ ವಾಸನೆ ಬಂದ ಕೂಡಲೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ವಾಸನೆ ಆಗುವುದಿಲ್ಲವೇ ಎಂದು ಆತ ಕೇಳಿದ. ಆಗುತ್ತದೆ ಎಂದೆ.

ದಾಂಡೇಲಿಯಲ್ಲಿ, ಮಿಲ್ಲಿನ ಕಡೆಗೆ ಹೋಗುವ ರಸ್ತೆಯಲ್ಲಿ ಅಂಥದೇ ವಾಸನೆಯ ಒಂದು ಅಂಗಡಿಯಿತ್ತು. ಅದನ್ನು ನಡೆಸುತ್ತಿದ್ದವರನ್ನು ಊರೆಲ್ಲ ಚಾಚಾ ಎಂದೇ ಕರೆಯುತ್ತಿತ್ತು. ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುತ್ತಿದ್ದರು. ಯಾರಾದರೂ ಬಂದರೆ ತಲೆಯೆತ್ತುತ್ತಿರಲಿಲ್ಲ, ಗಡಿಯಾರದ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದರು. ನಾನು ಐದನೆಯ ತರಗತಿಯಲ್ಲಿದ್ದಾಗ ಇದೇ ಕೈಗಡಿಯಾರವನ್ನು ತೆಗೆದುಕೊಂಡು ಅಲ್ಲಿಗೆ ಹೋಗಿದ್ದೆ. ಕಾಯುವಾಗ ಗಾಜಿನ ಕಪಾಟಿನ ಮೇಲೆ ಹರಡಿದ್ದ ಚೆಸ್ ಹಲಗೆಯನ್ನು ನೋಡುತ್ತ ನಿಂತೆ. ಅವರು ಒಬ್ಬರೇ ಎರಡೂ ಕಡೆಯಿಂದ ಆಡುತ್ತಿದ್ದರು. ಅರ್ಧ ಗಂಟೆಯ ಮೇಲೆ, ನೋಡುವುದಷ್ಟೇನೋ ಆಡುವುದೂ ಉಂಟೋ ಎಂದು ಕೇಳಿದರು.

ಹಾಗೆ ಶುರುವಾಯಿತು. ಆರು ವರ್ಷ, ಶಾಲೆ ಬಿಟ್ಟ ಮೇಲೆ ಒಂದು ತಾಸು. ನನ್ನ ಸ್ಟೂಲನ್ನು ಅವರು ಕಪಾಟಿನ ಹೊರಗೆ, ರಸ್ತೆಗೆ ಕಾಣುವಂತೆ ಹಾಕಿಸುತ್ತಿದ್ದರು. ಅದು ಯಾಕೆಂದು ಆಗ ತಿಳಿದಿರಲಿಲ್ಲ. ದೊಡ್ಡವಳಾದ ಮೇಲೆ ತಿಳಿಯಿತು: ಮಿಲ್ಲಿನ ಕಾರ್ಮಿಕನ ಮಗಳೊಬ್ಬಳು ಅಂಗಡಿಯ ಒಳಗೆ ಏನು ಮಾಡುತ್ತಾಳೆ ಎಂದು ಯಾರೂ ಕೇಳಬಾರದಿತ್ತು.

ಅವರು ಆಟ ಕಲಿತದ್ದು ಅವರ ಅಬ್ಬಾನಿಂದ. ಕಾಯಿಗಳ ಹೆಸರೂ ಅಬ್ಬಾನ ಕಾಲದವು. ಮೂಲೆಯ ಕಾಯಿ, ನಾವೆಲ್ಲ ಆನೆ ಎನ್ನುವುದು, ಅವರಿಗೆ ರುಖ್. ಓರೆಯಾಗಿ ಹೋಗುವ ಒಂಟೆ ಅವರಿಗೆ ಫೀಲ್. ಫೀಲ್ ಎಂದರೇನು ಎಂದು ಮೊದಲ ವಾರವೇ ಕೇಳಿದ್ದೆ.

“ಫೀಲ್ ಅಂದ್ರ ಆನಿ, ಬೇಟಿ.”

“ಇದಕ್ಕ ಸೊಂಡಿ ಎಲ್ಲೈತಿ ಚಾಚಾ?”

“ಜನಾ ಒಂಟಿ ಅಂತಾರಲ್ಲ, ಡುಬ್ಬ ಎಲ್ಲೈತಿ ಹೇಳು ನೋಡೋಣು?”

ಅಲ್ಲಿಂದ ಅಂಗಡಿಯಲ್ಲಿ ನಾವಿಬ್ಬರೂ ಒಂಟೆಯನ್ನು ಆನೆ ಎಂದೇ ಕರೆದೆವು. ‘ಆನಿ ಸಂಭಾಳಿಸು’ ಎಂದು ಅವರು ಹೇಳಿದರೆ ನಾನು ನೋಡುತ್ತಿದ್ದದ್ದು ಓರೆ ಸಾಲನ್ನು. ಪಂದ್ಯಕ್ಕೆ ಹೋದಾಗ ಮಾತ್ರ ಎಲ್ಲರ ಹಾಗೆ ಒಂಟೆ ಎನ್ನಬೇಕು, ಮೂಲೆಯ ಕಾಯಿಗೇ ಆನೆ ಎನ್ನಬೇಕು ಎಂದು ಅವರೇ ಎಚ್ಚರಿಸಿದ್ದರು. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಒಂದು ಮಾತು ಆಡುವ ಹುಡುಗಿಗೆ ಅದೇನೂ ಕಷ್ಟವಾಗಿರಲಿಲ್ಲ.

ಪಂದ್ಯವೆಂದರೆ ನಾಲ್ಕೂರ ಚೆಸ್. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು ಮಿಲ್ಲಿನ ಕೆಲವರು ಪಾಳಿ ಮುಗಿಸಿ ಬಂದು ಚಹಾದಂಗಡಿಯ ಹಿಂದೆ ಆಡುತ್ತಿದ್ದರಂತೆ. ಅವರ ಜೊತೆ ಕಟ್ಟಿಗೆ ಡಿಪೋದವರು ಸೇರಿದರು, ಆಮೇಲೆ ಹಳಿಯಾಳದ ಅಂಗಡಿಕಾರರು. ವರ್ಷಕ್ಕೊಂದು ಊರಿನಲ್ಲಿ ಪಂದ್ಯ. ಹಲಗೆಗಳು ಪ್ಲೈವುಡ್ ತುಂಡುಗಳು. ಚೌಕದ ಮನೆಗಳಿಗೆ ಬಣ್ಣ ಹಚ್ಚಿದ್ದು ಚಾಚಾ. ಆಟದ ಗಡಿಯಾರಗಳನ್ನೂ ಅವರೇ ಮಾಡಿದ್ದರು. ಎರಡು ಅಲಾರಾಂ ಗಡಿಯಾರಗಳನ್ನು ಸಾಗವಾನಿ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಕೂರಿಸಿ, ಮೇಲೆ ಒಂದು ಪಟ್ಟಿ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆಯದು ನಡೆಯುತ್ತಿತ್ತು. ಸಮಯ ಮುಗಿಯುವ ಹೊತ್ತಿಗೆ ದೊಡ್ಡ ಮುಳ್ಳು ಒಂದು ಸಣ್ಣ ಕೆಂಪು ತಗಡನ್ನು ಎತ್ತಿ, ಆಮೇಲೆ ಬೀಳಿಸುತ್ತಿತ್ತು. ಅದಕ್ಕೆ ಝಂಡಾ ಎನ್ನುತ್ತಿದ್ದರು; ಯಾರದು ಬಿದ್ದರೆ ಅವರು ಸೋತಂತೆ. ಇಂಥ ಎಂಟು ಪೆಟ್ಟಿಗೆಗಳನ್ನು ಅವರು ಟ್ರಂಕಿನಲ್ಲಿ, ಹಳೆಯ ಸ್ವೆಟರುಗಳಲ್ಲಿ ಸುತ್ತಿ, ಮುಂಡಗೋಡದ ತನಕ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯುತ್ತಿದ್ದರು. ಮುಂಡಗೋಡದಲ್ಲಿ ಪಂದ್ಯವಿದ್ದ ವರ್ಷ ನಮ್ಮ ಅಪ್ಪನ ಊರಾದ ಚಿಗಳ್ಳಿಯಿಂದ ದೊಡ್ಡಪ್ಪ ರೊಟ್ಟಿ ಗಂಟು ಕಟ್ಟಿಕೊಂಡು ನನ್ನ ಆಟ ನೋಡಲು ಬಂದಿದ್ದ. ಎರಡು ತಾಸು ಯಾರೂ ಮಾತಾಡದ್ದನ್ನು ಕಂಡು, ಇಲ್ಲಿ ಯಾರಾದರೂ ತೀರಿಕೊಂಡರೇನು ಎಂದು ಪಕ್ಕದವರನ್ನು ಕೇಳಿದ್ದನಂತೆ.

ಆ ಪಂದ್ಯ ಒಮ್ಮೆ ಮುರಿದಿತ್ತು. ಹಳೆಯ ಮನೆಯಾಟದಲ್ಲಿ ಪ್ಯಾದೆ ಕೊನೆಯ ಸಾಲು ಮುಟ್ಟಿದರೆ ಆ ಮನೆಯ ಕಾಯಿಯೇ ಆಗುತ್ತದೆ. ಕುದುರೆಯ ಮನೆ ಮುಟ್ಟಿದರೆ ಕುದುರೆ. ಹೊರಗಿನ ಆಟದಲ್ಲಿ ಹಾಗಲ್ಲ, ಬೇಕಾದರೆ ಮಂತ್ರಿಯನ್ನೇ ಕೇಳಬಹುದು. ಮುಂಡಗೋಡದ ಒಬ್ಬರು ಮಂತ್ರಿ ಕೇಳಿದರು, ಹಳಿಯಾಳದವರು ಕೊಡುವುದಿಲ್ಲವೆಂದರು. ಹಲಗೆ ಮಗುಚಿ ಹೋಯಿತಂತೆ. ಎರಡು ವರ್ಷ ಹಳಿಯಾಳದವರು ಬರಲಿಲ್ಲ. ಆಗ ಚಾಚಾ ಉದ್ದನೆಯ ರಟ್ಟಿನ ನೋಟ್‌ಬುಕ್ಕಿನಲ್ಲಿ ನಿಯಮಗಳನ್ನು ಕನ್ನಡದಲ್ಲಿ, ಅಂಕಿ ಹಾಕಿ, ಒಂದೊಂದಾಗಿ ಬರೆದರು. ಮೊದಲ ಪುಟದಲ್ಲಿ ಪ್ರತಿಯೊಂದು ಕಾಯಿಯ ಚಿತ್ರ, ಪಕ್ಕದಲ್ಲಿ ಅದರ ಹೆಸರು. ಅದನ್ನು ಹಿಡಿದುಕೊಂಡು ಹಳಿಯಾಳಕ್ಕೆ ನಾಲ್ಕು ಸಲ ಹೋಗಿ, ಒಬ್ಬೊಬ್ಬರ ಅಂಗಡಿಯ ಕಟ್ಟೆಯ ಮೇಲೆ ಕೂತು ಓದಿ ಹೇಳಿ, ಅವರನ್ನು ಮರಳಿ ಕರೆತಂದರು. ಅವತ್ತಿನಿಂದ ನಾಲ್ಕೂರಿಗೂ ಅವರೊಬ್ಬರೇ ಅಂಪೈರ್. ಏನೇ ತಕರಾರು ಬಂದರೂ ಪುಸ್ತಕ ತೆಗೆದು ಬೆರಳಿಟ್ಟು ತೋರಿಸುತ್ತಿದ್ದರು. ತಮ್ಮ ಅಭಿಪ್ರಾಯ ಹೇಳುತ್ತಿರಲಿಲ್ಲ.

ಪುಸ್ತಕದಲ್ಲಿದ್ದ ಒಂದು ನಿಯಮ ಬೇರೆಲ್ಲೂ ಉಳಿದಿರಲಿಲ್ಲ. ಅದನ್ನು ಬಸ್ಸಿನ ನಿಯಮ ಎನ್ನುತ್ತಿದ್ದರು. ಜೋಯಿಡಾದ ಆಟಗಾರರು ಉಳವಿ ಕಡೆಯ ಕೊನೆಯ ಬಸ್ಸು ಹಿಡಿಯಲೇಬೇಕು. ಅದು ತಪ್ಪಿದರೆ ಆ ರಾತ್ರಿ ಊರು ಮುಟ್ಟುವುದಿಲ್ಲ. ಆದ್ದರಿಂದ ಬಸ್ಸಿನ ಹೊತ್ತಾದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಯಾರ ಸರದಿಯೋ ಅವರು ತಮ್ಮ ಮುಂದಿನ ನಡೆಯನ್ನು ಹಲಗೆಯ ಮೇಲೆ ಆಡದೆ, ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಮುಚ್ಚಬೇಕು. ಇಬ್ಬರೂ ಲಕೋಟೆಯ ಅಂಟಿನ ಮೇಲೆ ಸಹಿ ಮಾಡಬೇಕು. ಬರೆದವರ ಹೊರತು ಆ ನಡೆ ಯಾರಿಗೂ, ಅಂಪೈರಿಗೂ, ಗೊತ್ತಿರಬಾರದು. ಮುಂದಿನ ಭಾನುವಾರ ಅಂಪೈರ್ ಲಕೋಟೆ ಒಡೆದು, ಬರೆದದ್ದನ್ನು ಓದಿ, ತಾವೇ ಆ ಕಾಯಿಯನ್ನು ನಡೆಸಿ ಆಟ ಮುಂದುವರಿಸುತ್ತಾರೆ. ಲಕೋಟೆಗಳು ಮದುವೆಯ ಕರೆಯೋಲೆಗಳವು, ಉಳಿದವು. ಮೂಲೆಯಲ್ಲಿ ಅರಿಶಿನ ಹಚ್ಚಿದ್ದೂ ಇರುತ್ತಿತ್ತು, ಚಂದ್ರ ನಕ್ಷತ್ರದ್ದೂ ಇರುತ್ತಿತ್ತು.

ನಾನು ಪಿಯುಸಿ ಮೊದಲ ವರ್ಷದಲ್ಲಿದ್ದಾಗ ಪಂದ್ಯದ ಕೊನೆಯ ಆಟಕ್ಕೆ, ಫೈನಲ್ಲಿಗೆ, ಬಂದೆ. ಅಲ್ಲಿಯವರೆಗೆ ಯಾವ ಹುಡುಗಿಯೂ ಬಂದಿರಲಿಲ್ಲ. ಅಪ್ಪ ಸಿಟ್ಟಿನ ಮನುಷ್ಯನಲ್ಲ, ಆದರೆ ಒಮ್ಮೆ ಹೇಳಿದರೆ ಹೇಳಿದ್ದೇ. ಈ ಸಲ ಗೆದ್ದರೆ ನಾಲ್ಕೂರ ಪರವಾಗಿ ರಾಜ್ಯದ ಪಂದ್ಯಕ್ಕೆ ಹೋಗು, ಆಡು, ನಾನು ಅಡ್ಡ ಬರುವುದಿಲ್ಲ. ಸೋತರೆ ಹಲಗೆ ಅಟ್ಟದ ಮೇಲೆ, ಓದು ಮುಗಿಯುವ ತನಕ ಅದರ ಸುದ್ದಿ ಬೇಡ ಎಂದಿದ್ದ. ಓದು ಎಂದು ಮುಗಿಯುತ್ತದೆ ಎಂದು ನಾನು ಕೇಳಲಿಲ್ಲ. ಅದು ಚಾಚಾಗೂ ಗೊತ್ತಿತ್ತು. ಅಪ್ಪನೇ ಅಂಗಡಿಗೆ ಹೋಗಿ ಹೇಳಿ ಬಂದಿದ್ದ.

ಎದುರಾಳಿ ಜೋಯಿಡಾದ ಶಾಲಾ ಮಾಸ್ತರರು. ಉಳವಿ ರಸ್ತೆಯ ಹಳ್ಳಿಯವರು, ಮೂರು ಸಲ ಗೆದ್ದವರು. ಮನೆಯಲ್ಲಿ ಕೊಂಕಣಿ, ಹೊರಗೆ ತೂಗಿ ತೂಗಿ ಆಡುವ ಕನ್ನಡ. ಆಟ ದಾಂಡೇಲಿಯ ಒಂದು ಶಾಲೆಯ ಕೋಣೆಯಲ್ಲಿ. ಮೂರೂವರೆ ತಾಸಿನ ಮೇಲೆ, ಅವರು ತಮ್ಮ ಆನೆಯನ್ನು ನನ್ನ ಪ್ಯಾದೆಗಳ ಹತ್ತಿರ ತಂದಿಟ್ಟಾಗ, ಅವರ ತಪ್ಪು ನನಗೆ ಕಂಡಿತು. ನನ್ನ ಒಂಟೆ ಐದನೇ ಸಾಲಿನ ಆರನೇ ಮನೆಗೆ ಹೋದರೆ ಅವರ ರಾಜನಿಗೆ ಶಹ. ಅದೇ ಓರೆ ಸಾಲಿನ ಇನ್ನೊಂದು ತುದಿಯಲ್ಲಿ ಅವರ ಆನೆ. ರಾಜ ಸರಿಯಲೇಬೇಕು, ಆನೆ ನನ್ನದು. ಅಲ್ಲಿಗೆ ಆಟ ಮುಗಿದಂತೆ. ತಲೆ ಬಗ್ಗಿಸಿಯೇ ಕೂತಿದ್ದೆ. ಕಿವಿಯಲ್ಲಿ ಗಡಿಯಾರದ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ಆಗ ಚಾಚಾ ಬಂದು ಎರಡೂ ಗಡಿಯಾರ ನಿಲ್ಲಿಸಿದರು. ಬಸ್ಸಿನ ಹೊತ್ತಾಗಿತ್ತು.

ಮಾಸ್ತರರು ಆಗಲೇ ಚೀಲ ಹೆಗಲಿಗೆ ಹಾಕಿಕೊಂಡಿದ್ದರು. ಹೊರಗೆ ಯಾರೋ, ಬಸ್ಸು ಸ್ಟ್ಯಾಂಡಿಗೆ ಬಂತು ಎಂದು ಕೂಗಿದರು. ಚಾಚಾ ಚೀಟಿ ಕೊಟ್ಟು ಬೆನ್ನು ತಿರುಗಿಸಿ ನಿಂತರು. ಕೈ ಅಡ್ಡ ಹಿಡಿದು ಬರೆದೆ, ಮಡಚಿದೆ, ಲಕೋಟೆಗೆ ಹಾಕಿದೆ. ಸಹಿಗಳಾದವು. ಮಾಸ್ತರರು ಓಡಿದರು. ಇಡೀ ಕೆಲಸಕ್ಕೆ ಎರಡು ನಿಮಿಷ ಹಿಡಿದಿರಲಿಕ್ಕಿಲ್ಲ.

ಸೋಮವಾರ, ಮಂಗಳವಾರ ನಾನು ಸುಖವಾಗಿದ್ದೆ. ಬುಧವಾರ ಸಂಜೆ ಇಡೀ ಆಟವನ್ನು ನನ್ನ ಸ್ವಂತ ವಹಿಗೆ ನಕಲು ಮಾಡುತ್ತಿದ್ದೆ. ನಮ್ಮ ಪಂದ್ಯದಲ್ಲಿ ನಡೆ ಬರೆಯುವ ಕ್ರಮವೆಂದರೆ ಕಾಯಿಯ ಹೆಸರು, ಹೋಗುವ ಸಾಲು, ಹೋಗುವ ಮನೆ. ಎಲ್ಲಿಂದ ಹೊರಟಿತು ಎಂದು ಬರೆಯುವುದಿಲ್ಲ. ಒಂದೊಂದೇ ಸಾಲು ಬರೆಯುತ್ತ ಕೊನೆಯ ನಡೆಗೆ ಬಂದೆ. ಚೀಟಿಯಲ್ಲಿ ಬರೆದದ್ದನ್ನು ನೆನಪಿಸಿಕೊಂಡು ಪೆನ್ನು ಊರಿದಾಗ ಬಂದ ಶಬ್ದ ‘ಆನೆ’. ಆನೆ, ಐದನೇ ಸಾಲು, ಆರನೇ ಮನೆ.

ಅವಸರದಲ್ಲಿ ಅಂಗಡಿಯ ಮಾತು ಬರೆದಿದ್ದೆ.

ಹಲಗೆ ಹೂಡಿ ನೋಡಿದೆ. ಅದೇ ಮನೆಗೆ ನನ್ನ ಆನೆಯೂ, ಅಂದರೆ ಪುಸ್ತಕದ ಆನೆಯೂ, ನೇರವಾಗಿ ಹೋಗಬಹುದಿತ್ತು. ಅದು ನನ್ನ ಹಿಂದಿನ ಸಾಲನ್ನು ಕಾಯುತ್ತಿದ್ದ ಒಂದೇ ಕಾಯಿ. ಅದು ಎದ್ದು ಹೋದರೆ ಮಾಸ್ತರರ ಆನೆ ಇಳಿದು ಬಂದು ಶಹ ಕೊಡುತ್ತದೆ, ಮರುನಡೆಯಲ್ಲಿ ಮಾತ್. ಒಂದೇ ಶಬ್ದ, ಒಂಟೆಯಾದರೆ ಗೆಲುವು, ಆನೆಯಾದರೆ ಎರಡು ನಡೆಯಲ್ಲಿ ಸೋಲು. ನಡೆಯಲಾಗದ ನಡೆಯಾಗಿದ್ದರೆ ಕೇಳಿಯಾದರೂ ಸರಿಪಡಿಸುತ್ತಿದ್ದರೇನೋ. ಇದು ಎರಡೂ ರೀತಿಯಲ್ಲಿ ನಡೆಯುವ ನಡೆ.

ಮರುದಿನ ಕಾಲೇಜು ಬಿಟ್ಟ ಕೂಡಲೇ ಅಂಗಡಿಗೆ ಹೋದೆ. ಲಕೋಟೆ ಅವರ ಮೇಜಿನ ಬೀಗ ಹಾಕಿದ ಸೆಳೆಖಾನೆಯಲ್ಲಿತ್ತು, ನನ್ನ ಮೊಣಕೈಯಿಂದ ಒಂದು ಗೇಣು ದೂರ. ಅವರು ಒಂದು ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದರು. ನಾನು ಕೂಡಲಿಲ್ಲ. ಚಾಚಾ, ಲಕೋಟೆಯೊಳಗೆ... ಎನ್ನುವಷ್ಟರಲ್ಲಿ ಅವರು ಭೂತಗನ್ನಡಿಯನ್ನು ಹಣೆಗೇರಿಸಿದರು. ಅವರ ಎರಡೂ ಕಣ್ಣುಗಳನ್ನು ಒಟ್ಟಿಗೆ ನೋಡಿದ್ದು ನನಗೆ ಅಪರೂಪ.

“ಲಕೋಟಿ ಮಾತು ಇಲ್ಲಿ ಬ್ಯಾಡ ಬೇಟಿ.”

“ಒಂದ ಶಬ್ದ ಚಾಚಾ.”

“ಅರ್ಧಾನೂ ಬ್ಯಾಡ. ನೀ ಹೇಳಿ ನಾ ಕೇಳಿದ್ನೆಂದ್ರ, ಐತವಾರ ಆ ಕುರ್ಚಿ ಮ್ಯಾಲ ನಾ ಕುಂಡ್ರಾಕ ಬರೂದಿಲ್ಲ.” ಬಿಚ್ಚಿಟ್ಟ ಗಡಿಯಾರವನ್ನು ಹತ್ತಿರ ಎಳೆದುಕೊಂಡು, “ಐತವಾರದ ತನಕ ಅಂಗಡಿ ಕಡೆ ಬರಬ್ಯಾಡ” ಎಂದರು.

ಭೂತಗನ್ನಡಿ ಮತ್ತೆ ಕಣ್ಣಿಗಿಳಿಯಿತು. ನಾನು ಮನೆಗೆ ಬಂದೆ. ಆ ಮೂರು ದಿನ ಹೇಗೆ ಹೋದವೆಂದು ಸರಿಯಾಗಿ ನೆನಪಿಲ್ಲ. ಅನ್ನ ಸೇರುತ್ತಿರಲಿಲ್ಲ ಎಂದು ಅವ್ವ ಆಮೇಲೆ ಹೇಳುತ್ತಿದ್ದಳು. ಒಂದೇ ಒಂದು ವಿಚಾರಕ್ಕೆ ಜೋತುಬಿದ್ದಿದ್ದೆ: ಓದುವವರು ಚಾಚಾ, ಕಾಯಿ ನಡೆಸುವವರೂ ಚಾಚಾ. ಆನೆ ಎಂದು ಓದಿದರೆ ಅವರಿಗೆ ಗೊತ್ತಾಗುತ್ತದೆ. ಜಗತ್ತಿನಲ್ಲಿ ಅದು ಗೊತ್ತಾಗುವ ಒಬ್ಬರೇ ಮನುಷ್ಯ ಆ ಕುರ್ಚಿಯ ಮೇಲೆ ಕೂತಿರುತ್ತಾರೆ.

ಭಾನುವಾರ ಕೋಣೆ ತುಂಬಿತ್ತು. ಹಳಿಯಾಳದಿಂದಲೇ ಹತ್ತು ಮಂದಿ ಬಂದಿದ್ದರು. ಅವರ ಮುಂದಾಳು ಒಬ್ಬ ಬಟ್ಟೆ ಅಂಗಡಿಯ ಯಜಮಾನರು. ಹಣೆಗೆ ವಿಭೂತಿ, ಬಾಯಲ್ಲಿ ಸದಾ ಒಂದು ಕುಚೋದ್ಯ. ಅಂಪೈರೂ ದಾಂಡೇಲಿ, ಆಡುವಾಕಿನೂ ದಾಂಡೇಲಿ, ಮ್ಯಾಲ ಗುರು-ಶಿಷ್ಯರು, ಜೋಯಿಡಾದ ಮಾಸ್ತರರು ಬಸ್ ಚಾರ್ಜು ಸುಮ್ಮನೆ ಕಳಕೊಂಡರು ಎಂದು ಬಾಗಿಲಲ್ಲೇ ಹೇಳುತ್ತಿದ್ದರು. ಜನ ನಕ್ಕರು. ಚಾಚಾ ಕೇಳಿಸಿಕೊಂಡರು, ನಗಲಿಲ್ಲ.

ಅವರು ಹಲಗೆ ಹೂಡಿದರು. ಲಕೋಟೆಯನ್ನು ಇಬ್ಬರಿಗೂ ತೋರಿಸಿ ಸಹಿ ಒಪ್ಪಿಸಿಕೊಂಡರು. ಗಡಿಯಾರದ ಮುಚ್ಚಳ ತೆಗೆಯುವ ಸಣ್ಣ ಚೂರಿಯಿಂದ ಅಂಚು ಸೀಳಿ ಚೀಟಿ ಬಿಡಿಸಿದರು. ಒಮ್ಮೆ ಮನಸ್ಸಿನಲ್ಲಿ ಓದಿಕೊಂಡರು. ಆಮೇಲೆ ಎಲ್ಲರಿಗೂ ಕೇಳುವಂತೆ, ಆನೆ, ಐದನೇ ಸಾಲು, ಆರನೇ ಮನೆ ಎಂದರು.

ಅವರ ಕೈ ನೇರವಾಗಿ ಒಂಟೆಯ ಕಡೆಗೆ ಹೋಯಿತು.

ಯೋಚಿಸಿ ಹೋದದ್ದಲ್ಲ. ಆರು ವರ್ಷಗಳಿಂದ ಅಂಗಡಿಯಲ್ಲಿ ಆನೆ ಎಂದ ಕೂಡಲೇ ಹೋಗುತ್ತಿದ್ದ ಕಡೆಗೆ ಹೋಯಿತು. ಎರಡು ಬೆರಳು ಒಂಟೆಯ ತಲೆಯಿಂದ ಒಂದು ಅಂಗುಲ ಮೇಲೆ, ಮುಟ್ಟದೆ, ನಿಂತವು.

“ಚಾಚಾ, ಓದಿದ್ದು ಆನಿ. ಕೈ ಒಂಟಿ ಕಡೆ ಹೊಂಟೈತಲ್ರಿ” ಎಂದರು ಹಳಿಯಾಳದ ಯಜಮಾನರು. “ಕಣ್ಣಾಗಿನ ಕಾಚು ಮನ್ಯಾಗ ಮರ್ತು ಬಂದ್ರೇನು?”

ಈ ಸಲ ಯಾರೂ ನಗಲಿಲ್ಲ. ಚಾಚಾ ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ತುಂಬಿದ ಸಭೆಯಲ್ಲಿ ಬಾಯಿ ತೆರೆಯುವವಳಲ್ಲ. ಆದರೂ ಅವತ್ತು ಮಾತು ಬಂತು.

“ಅದು ನಮ್ಮ ಆನಿ, ಚಾಚಾ.”

ಹಳಿಯಾಳದ ಯಜಮಾನರು ನಾನು ಹಿಂದಿನ ವಾರ ನಡೆಗಳನ್ನು ಬರೆದಿಟ್ಟಿದ್ದ ಹಾಳೆಯನ್ನು ಮೇಜಿನಿಂದ ಎತ್ತಿಕೊಂಡರು. ಅದರಲ್ಲಿ ಒಂಟೆ ನಡೆಸಿದಾಗಲೆಲ್ಲ ಒಂಟೆ ಎಂದೇ ಬರೆದಿದ್ದೆ, ಆನೆಗೆ ಆನೆ ಎಂದೇ ಬರೆದಿದ್ದೆ. ಒಂದು ಕಡೆಯೂ ತಪ್ಪಿರಲಿಲ್ಲ. ಅವರು ಅದನ್ನು ಚಾಚಾನ ಮುಂದೆ ಹಿಡಿದು, ಈಕಿಗೆ ಎರಡೂ ಹೆಸರು ಬರೋಬರಿ ಗೊತ್ತೈತಿ ನೋಡ್ರಿ ಎಂದರು. ಅದು ನಿಜವಾಗಿತ್ತು. ನನ್ನ ಅಚ್ಚುಕಟ್ಟೇ ನನಗೆ ಎದುರು ಸಾಕ್ಷಿಯಾಯಿತು.

ಚಾಚಾ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. ಪುಸ್ತಕವನ್ನು ತೆರೆದು ಮೊದಲ ಪುಟದ ಮೇಲೆ ಬೆರಳಿಟ್ಟರು. ಬೆರಳು ಮೂಲೆಯ ಕಾಯಿಯ ಚಿತ್ರದ ಮೇಲಿತ್ತು.

“ಇಲ್ಲಿ ನಮ್ಮ ಆನಿ ಅಂತ ಯಾವುದೂ ಇಲ್ಲ, ಬೇಟಿ. ಪುಸ್ತಕದಾಗಿನ ಆನಿ ಒಂದ.”

ಮೂಲೆಯ ಕಾಯಿಯನ್ನು ಎತ್ತಿ ಆ ಮನೆಯಲ್ಲಿ ಇಟ್ಟರು. ಮಾಸ್ತರರ ಗಡಿಯಾರ ಶುರು ಮಾಡಿದರು.

ಮಾಸ್ತರರು ಕೂಡಲೇ ಆಡಲಿಲ್ಲ. ಎರಡು ನಡೆಯ ಮಾತ್, ಕೋಣೆಯಲ್ಲಿದ್ದ ಯಾರಿಗಾದರೂ ಕಾಣುವಂಥದು. ಅವರು ಗಲ್ಲಕ್ಕೆ ಕೈಯಿಟ್ಟು ಕೂತೇ ಇದ್ದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅವರ ಝಂಡಾ ಮೆಲ್ಲಗೆ ಏಳತೊಡಗಿತು. ಸೋಲುವವಳ ಮುಖ ನೋಡುವ ಆಸೆ ಇನ್ನೂ ತೀರಿಲ್ಲವೇನೋ ಎಂದುಕೊಂಡೆ. ಅವರು ಕೊನೆಗೆ ಆನೆ ಇಳಿಸಿದಾಗ ನಾನು ಮರುನಡೆ ಆಡದೆ ರಾಜನನ್ನು ಮಲಗಿಸಿದೆ. ಆಟ ಮುಗಿದ ಮೇಲೆ ಇಬ್ಬರ ಕೈಯನ್ನೂ ಕುಲುಕುವುದು ಚಾಚಾನ ರೂಢಿ. ಮೊದಲು ನನ್ನ ಕಡೆಗೇ ಕೈ ಚಾಚಿದರು. ನಾನು ಪೆನ್ನಿನ ಟೋಪಿ ಹಾಕಿ, ಎದ್ದು ಹೊರಗೆ ಬಂದೆ.

ಹಲಗೆ ಅಟ್ಟಕ್ಕೆ ಹೋಯಿತು.

ಆಮೇಲೆ ಅಂಗಡಿಯ ಮುಂದೆ ಹೋಗುವುದನ್ನು ಬಿಟ್ಟೆ. ಕಾಲೇಜಿಗೆ ಇನ್ನೊಂದು ದಾರಿಯಿತ್ತು, ಸ್ವಲ್ಪ ಸುತ್ತು. ಅದೇ ವಾರ ಅಪ್ಪ ಗಡಿಯಾರದ ಪಟ್ಟಿ ಹಾಕಿಸಿಕೊಂಡು ಬಂದು, ಚಾಚಾ ನಿನ್ನನ್ನು ಒಮ್ಮೆ ಬರಹೇಳಿದ್ದಾರೆ ಎಂದ. ಪರೀಕ್ಷೆ ಇದೆ ಎಂದೆ. ಪರೀಕ್ಷೆ ಇದ್ದದ್ದು ನಿಜ, ಎರಡು ತಿಂಗಳ ಆಚೆ. ಅವರು ಮತ್ತೆ ಹೇಳಿ ಕಳಿಸಲಿಲ್ಲ. ಧಾರವಾಡಕ್ಕೆ ಓದಲು ಬಂದೆ. ಎಂ.ಎಸ್ಸಿ.ಯಲ್ಲಿದ್ದಾಗ ಅಪ್ಪ ಫೋನಿನಲ್ಲಿ ಮಿಲ್ಲಿನ ಸುದ್ದಿ, ನೀರಿನ ಸುದ್ದಿ ಎಲ್ಲ ಹೇಳಿ, ಇಡುವ ಮೊದಲು, ಗಡಿಯಾರದ ಚಾಚಾ ಹೋದರು, ಮಣ್ಣಾಗಿ ನಾಲ್ಕು ದಿನವಾಯಿತು ಎಂದ. ಹೌದಾ ಎಂದೆ.

ಮಾಸ್ತರರು ಈಗ ನಿವೃತ್ತರು. ನಾಲ್ಕೂರ ಚೆಸ್ಸಿನ ಕೆಲಸವೆಲ್ಲ ಅವರ ಹೆಗಲಿಗೆ ಬಂದಿದೆ. ಹಳೆಯ ಪುಸ್ತಕ ಹರಿದಿದೆ, ನಿಯಮಗಳನ್ನು ಹೊಸದಾಗಿ ಬರೆಯಬೇಕು, ನೀವು ಓದಿದವರು, ಒಮ್ಮೆ ನೋಡಿಕೊಡಿ ಎಂದು ಈ ವರ್ಷ ಎರಡು ಸಲ ಫೋನ್ ಮಾಡಿದ್ದರು. ನೋಡುತ್ತೇನೆ ಎಂದು ಹೇಳಿ ಸುಮ್ಮನಾಗಿದ್ದೆ. ಧಾರವಾಡದ ಆ ಗಡಿಯಾರದ ಅಂಗಡಿಯಿಂದ ಬಂದ ದಿನ ನಾನೇ ಅವರಿಗೆ ಫೋನ್ ಮಾಡಿದೆ.

ಹೋದ ಭಾನುವಾರ ದಾಂಡೇಲಿಯ ಶಾಲೆಯ ಕೋಣೆಯೊಂದರಲ್ಲಿ ಇಬ್ಬರೂ ಕೂತೆವು. ಅವರ ಕೂದಲು ಪೂರ್ತಿ ಬೆಳ್ಳಗಾಗಿದೆ. ಬರುವಾಗ ಮಗಳು ಕಾರಿನಲ್ಲಿ ಬಿಟ್ಟು ಹೋದಳೆಂದೂ ಈಗ ಬಸ್ಸಿನ ಚಿಂತೆ ಯಾರಿಗೂ ಇಲ್ಲವೆಂದೂ ಹೇಳಿದರು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದರು. ನಾನು ಓದುತ್ತ ಹೋದೆ, ಅವರು ಬೇಕಾದ್ದು ಬೇಡವಾದ್ದು ಗುರುತು ಹಾಕುತ್ತ ಹೋದರು. ಹದಿನಾರರವರೆಗೆ ಎಲ್ಲವೂ ನನಗೆ ಬಾಯಿಪಾಠ ಇದ್ದವೇ. ಹದಿನೇಳನೆಯದನ್ನು ನಾನು ನೋಡಿರಲಿಲ್ಲ. ಎರಡು ನಿಯಮಗಳ ನಡುವಿನ ಸಂದಿಯಲ್ಲಿ, ಬೇರೆ ಶಾಯಿಯಲ್ಲಿ, ಚಾಚಾನ ದಪ್ಪ ಅಕ್ಷರಗಳಲ್ಲಿ ಇಕ್ಕಟ್ಟಾಗಿ ಸೇರಿಸಿದ್ದು. ಕೆಳಗಿನ ಅಂಕಿಗಳನ್ನೆಲ್ಲ ತಿದ್ದಿದ್ದರು. ‘ಲಕೋಟೆಯಲ್ಲಿ ಕಾಯಿಯ ಹೆಸರು ಬರೆಯಕೂಡದು. ಹೊರಡುವ ಮನೆ, ಸೇರುವ ಮನೆ ಮಾತ್ರ ಬರೆಯಬೇಕು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಹೆಸರು ಇರುತ್ತದೆ.’

ಪುಸ್ತಕದಲ್ಲಿ ಬೇರೆ ಯಾವ ನಿಯಮಕ್ಕೂ ಕಾರಣ ಬರೆದಿಲ್ಲ.

ಇದನ್ನು ಯಾವಾಗ ಸೇರಿಸಿದರು ಎಂದು ಕೇಳಿದೆ. ಮಾಸ್ತರರು ಉತ್ತರಿಸುವ ಮೊದಲು ಕನ್ನಡಕ ತೆಗೆದು ಒರೆಸಿಕೊಂಡರು.

“ನಿಮ್ಮ ಆಟ ಆದ ಮರುವಾರನ. ಹಳಿಯಾಳದವರ ಸಹಿನೂ ತಗೊಂಡು ಬಂದ್ರು. ಅವತ್ತ ನಾ ಅಷ್ಟೊತ್ತು ಯಾಕ ಕುಂತಿದ್ದೆ ಗೊತ್ತೇನ್ರಿ ನಿಮಗ? ಅವರು ಗಡಿಯಾರ ನಿಲ್ಲಸ್ತಾರ, ಒಂಟಿ ಅಂತ ಒಪ್ತೀರೇನು ಮಾಸ್ತರ್ರ ಅಂತ ನನ್ನ ಕೇಳ್ತಾರ ಅಂತ ಕಾಯ್ದೆ. ಕೇಳಿದ್ರ ಹೂಂ ಅಂತಿದ್ದೆ. ಅವರು ಕೇಳಲಿಲ್ಲ.”

“ಕೇಳದಿದ್ರೂ ನೀವ ಹೇಳಬಹುದಿತ್ತಲ್ರಿ, ಸರ್.”

“ಹೇಳಬಹುದಿತ್ತು” ಎಂದರು. ಕನ್ನಡಕವನ್ನು ಮತ್ತೆ ಹಾಕಿಕೊಳ್ಳಲಿಲ್ಲ. “ನಾಕನೇ ಸಲ ಗೆಲ್ಲೂದಿತ್ತು ನನಗ.”

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತೇನೋ. ಆ ಕೋಣೆಯಲ್ಲಿ ಮೂವರಿಗೆ ಅದು ಒಂಟೆ ಎಂದು ಗೊತ್ತಿತ್ತು. ಮೂವರಲ್ಲಿ ಕಳೆದುಕೊಳ್ಳಲು ಹೆಚ್ಚು ಇದ್ದದ್ದು ನನಗೆ ಎಂದು ಇಷ್ಟು ವರ್ಷ ನಂಬಿದ್ದೆ. ಆರು ವರ್ಷ ರಸ್ತೆಗೆ ಕಾಣುವಂತೆ ಸ್ಟೂಲು ಹಾಕಿ ಕಲಿಸಿದವರಿಗೆ ಆ ಕಾಯಿ ಎತ್ತುವಾಗ ಏನು ಹೋಯಿತು ಎಂದು ನಾನು ಲೆಕ್ಕ ಹಿಡಿದಿರಲಿಲ್ಲ.

ಈಗ ಲಕೋಟೆಯೇ ಇಲ್ಲ, ಆಟ ಅಂದೇ ಮುಗಿಯುತ್ತದೆ, ಈ ಕಲಮು ತೆಗೆಯೋಣವೇ ಎಂದು ಮಾಸ್ತರರು ಕೇಳಿದರು. ತಾವು ಗುರುತು ಹಾಕಲಿಲ್ಲ; ಪೆನ್ಸಿಲ್ಲನ್ನು ನನ್ನ ಕಡೆಗೆ ಸರಿಸಿದರು.

ಹದಿನೇಳನೆಯದನ್ನು ಇನ್ನೊಮ್ಮೆ ಓದಿದೆ. ಆಮೇಲೆ, ತೆಗೀರಿ ಸರ್ ಎಂದೆ. ನಡೆಯದ ನಿಯಮ ಪುಸ್ತಕದಲ್ಲಿ ಇರಬಾರದು. ಚಾಚಾ ಇದ್ದಿದ್ದರೆ ಅವರೂ ತೆಗೆಯುತ್ತಿದ್ದರು. ತೆಗೆಯುವ ಮೊದಲು ನನ್ನನ್ನು ಒಮ್ಮೆ ಕೇಳುತ್ತಿದ್ದರು, ಅಷ್ಟೇ. ಬರೆಯುವ ಮೊದಲೂ ಕೇಳಬೇಕೆಂದೇ ಅವತ್ತು ಅಪ್ಪನ ಕೈಲಿ ಬರಹೇಳಿದ್ದರೋ ಏನೋ... ಅದು ತಿಳಿಯಬೇಕಿದ್ದರೆ ನಾನು ಅಂಗಡಿಗೆ ಹೋಗಿರಬೇಕಿತ್ತು.